ಗ್ರಾಹಕನ ಖಾಸಗಿತನ ಮತ್ತು ಹಣಕಾಸು ಮಾಹಿತಿಯ ಭದ್ರತೆ: ಎರಡು ಶಾಸನಪರಂಪರೆಗಳ ವಿಮರ್ಶೆ

೧

ಮನುಷ್ಯನ ಹಣದ ಲೆಕ್ಕವು ಬಹುಮಟ್ಟಿಗೆ ಅವನ ಬಾಳಿನ ಲೆಕ್ಕವೂ ಹೌದು. ಯಾವ ವೈದ್ಯನಿಗೆ ಎಷ್ಟು ತೆತ್ತನು, ಯಾವ ದೇವಸ್ಥಾನಕ್ಕೆ ಕಾಣಿಕೆ ಕಳುಹಿದನು, ಮಗಳ ಮದುವೆಗೆಂದು ಯಾರ ಜಾಮೀನಿನ ಮೇಲೆ ಸಾಲ ಪಡೆದನು ಎಂಬುದೆಲ್ಲವೂ ಬ್ಯಾಂಕಿನ ಪುಸ್ತಕದಲ್ಲಿ ಸಾಲುಸಾಲಾಗಿ ದಾಖಲಾಗಿರುತ್ತದೆ. ಇಂತಹ ಮಾಹಿತಿಯನ್ನು ಕಾಯಬೇಕೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ಯಾರ ಹಿತಕ್ಕಾಗಿ ಕಾಯಬೇಕು, ಕಾವಲು ತಪ್ಪಿದಾಗ ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆಗಳು ಬಂದಾಗ ಮಾತ್ರ ಶಾಸನಗಳು ಎರಡು ದಾರಿ ಹಿಡಿಯುತ್ತವೆ. ಆ ಎರಡು ದಾರಿಗಳನ್ನು ಹೋಲಿಸಿ, ನಮ್ಮ ರಾಜ್ಯದಲ್ಲಿ, ವಿಶೇಷವಾಗಿ ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಅವುಗಳ ನಡುವೆ ಉಳಿದಿರುವ ಒಂದು ತೆರಪನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಎರಡು ಪದಗಳ ಅರ್ಥವನ್ನು ನಿಶ್ಚಯಿಸಿಕೊಳ್ಳೋಣ. ‘ಭದ್ರತೆ’ ಎಂದರೆ ಮಾಹಿತಿಯು ಕಳ್ಳರ ಕೈಗೆ ಸಿಗದಂತೆ ಇಡುವುದು. ‘ಖಾಸಗಿತನ’ ಎಂದರೆ ಮಾಹಿತಿಯನ್ನು ಇಟ್ಟುಕೊಂಡವನೇ ಅದನ್ನು ಸ್ವೇಚ್ಛೆಯಾಗಿ ಬಳಸದಂತೆ ಅದರ ಒಡೆಯನಿಗಿರುವ ಅಧಿಕಾರ. ಭದ್ರವಾದ ಬೀಗದ ಹಿಂದೆಯೂ ಖಾಸಗಿತನವು ಭಂಗವಾಗಬಹುದು, ಏಕೆಂದರೆ ಬೀಗದ ಕೈ ಇರುವುದು ಒಡೆಯನಲ್ಲಿ ಅಲ್ಲ. ಈ ಭೇದವನ್ನು ಮರೆತ ಶಾಸನವು ಬೀಗವನ್ನು ದಪ್ಪಗೊಳಿಸುವುದನ್ನೇ ಹಕ್ಕನ್ನು ರಕ್ಷಿಸುವುದೆಂದು ಭಾವಿಸುತ್ತದೆ.

೨

ಈ ಭೇದವು ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಅಲ್ಲಿ ಹಣಕಾಸು ಸಂಸ್ಥೆಗಳ ಮಾಹಿತಿಭದ್ರತೆಯನ್ನು ಒಕ್ಕೂಟ ಸರ್ಕಾರವು ೧೯೯೯ರ ಗ್ರಾಮ್-ಲೀಚ್-ಬ್ಲೈಲಿ ಅಧಿನಿಯಮದ ಮೂಲಕ ನಿಯಂತ್ರಿಸಿತು. ಆ ಅಧಿನಿಯಮದಂತೆ ಫೆಡರಲ್ ಟ್ರೇಡ್ ಕಮಿಷನ್ ೨೦೦೨ರಲ್ಲಿ ರಚಿಸಿದ ರಕ್ಷಣಾನಿಯಮವು, ೨೦೨೧ರ ತಿದ್ದುಪಡಿಯ ಬಳಿಕ, ಹೊಣೆಗಾರ ಅಧಿಕಾರಿಯ ನೇಮಕ, ಅಪಾಯದ ಲಿಖಿತ ಪರಿಶೀಲನೆ, ಮಾಹಿತಿಯ ಗೂಢಲೇಖನ ಮುಂತಾದ ಕರ್ತವ್ಯಗಳನ್ನು ಸವಿಸ್ತಾರವಾಗಿ ವಿಧಿಸಿತು. ೨೦೨೪ರ ಮೇ ತಿಂಗಳಿನಿಂದ, ಐನೂರು ಅಥವಾ ಹೆಚ್ಚು ಗ್ರಾಹಕರ ಮಾಹಿತಿ ಸೋರಿದಲ್ಲಿ ಮೂವತ್ತು ದಿನಗಳೊಳಗಾಗಿ ವರದಿ ಒಪ್ಪಿಸಬೇಕೆಂಬ ವಿಧಿಯೂ ಸೇರಿತು. ಆದರೆ ಈ ವರದಿ ಹೋಗುವುದು ಕಮಿಷನ್ನಿಗೆ. ಗ್ರಾಹಕನಿಗೆ ತಿಳಿಸಬೇಕೆಂಬ ಕರ್ತವ್ಯವು ರಾಜ್ಯಗಳ ಶಾಸನಗಳಿಂದ ಬಂದುದು. ಅವುಗಳಲ್ಲಿ ಮೊದಲನೆಯದು ೨೦೦೩ರ ಜುಲೈಯಲ್ಲಿ ಜಾರಿಗೆ ಬಂದ ಕ್ಯಾಲಿಫೋರ್ನಿಯದ ಶಾಸನ.

ಅದೇ ಕ್ಯಾಲಿಫೋರ್ನಿಯ ರಾಜ್ಯವು ೨೦೧೮ರಲ್ಲಿ ಗ್ರಾಹಕರ ಖಾಸಗಿತನದ ಅಧಿನಿಯಮವನ್ನು ಮಾಡಿತು. ಅದು ೨೦೨೦ರ ಜನವರಿ ೧ರಿಂದ ಜಾರಿಗೆ ಬಂದಿತು. ತನ್ನ ಬಗೆಗೆ ಯಾವ ಮಾಹಿತಿ ಸಂಗ್ರಹವಾಗಿದೆ ಎಂದು ಕೇಳುವ, ಅದನ್ನು ಅಳಿಸಿರೆನ್ನುವ, ಮಾರಬೇಡಿರೆನ್ನುವ ಹಕ್ಕುಗಳನ್ನು ಅದು ಗ್ರಾಹಕನಿಗೆ ಕೊಟ್ಟಿತು. ಒಕ್ಕೂಟದ ಹಣಕಾಸು ಅಧಿನಿಯಮಕ್ಕೆ ಒಳಪಟ್ಟ ಮಾಹಿತಿಯನ್ನು ಅದು ತನ್ನ ವ್ಯಾಪ್ತಿಯಿಂದ ಬಿಟ್ಟಿದೆ. ಆದರೆ ಒಂದನ್ನು ಮಾತ್ರ ಬಿಟ್ಟುಕೊಟ್ಟಿಲ್ಲ: ತಕ್ಕ ಭದ್ರತೆಯಿಲ್ಲದೆ ಮಾಹಿತಿ ಸೋರಿಹೋದರೆ ಗ್ರಾಹಕನೇ ನ್ಯಾಯಾಲಯಕ್ಕೆ ಹೋಗಬಹುದು, ಪ್ರತಿಯೊಂದು ಪ್ರಸಂಗಕ್ಕೂ ತಲಾ ೧೦೦ರಿಂದ ೭೫೦ ಡಾಲರುಗಳವರೆಗೆ, ಅಥವಾ ಆದ ನಷ್ಟವು ಅದಕ್ಕಿಂತ ಹೆಚ್ಚಾಗಿದ್ದರೆ ಆ ನಷ್ಟವನ್ನು, ಪರಿಹಾರವಾಗಿ ಪಡೆಯಬಹುದೆಂದು ಮೂಲಪಾಠವು ವಿಧಿಸಿತು. ೨೦೨೩ರಲ್ಲಿ ಜಾರಿಗೆ ಬಂದ ವರ್ಜೀನಿಯದ ಶಾಸನವಾದರೋ ಹಣಕಾಸು ಸಂಸ್ಥೆಗಳನ್ನೇ ಸಾರಾಸಗಟಾಗಿ ಹೊರಗಿಟ್ಟಿತು. ರಾಜ್ಯಗಳು ಹೀಗೆ ಬೇರೆಬೇರೆ ಮಾರ್ಗ ಹಿಡಿಯಲು ಅವಕಾಶವಾದುದು, ಒಕ್ಕೂಟದ ಅಧಿನಿಯಮವು ಹೆಚ್ಚಿನ ರಕ್ಷಣೆ ಕೊಡುವ ರಾಜ್ಯಶಾಸನವನ್ನು ತನಗೆ ವಿರುದ್ಧವೆಂದು ಎಣಿಸದೆ, ತನ್ನ ವಿಧಿಗಳನ್ನು ಕನಿಷ್ಠ ಮಟ್ಟವೆಂದು ಮಾತ್ರ ಪರಿಗಣಿಸಿದ್ದರಿಂದ. ಒಕ್ಕೂಟವು ತಳಪಾಯ ಹಾಕಿತು. ಅದರ ಮೇಲೆ ಗೋಡೆ ಎಬ್ಬಿಸುವ ಸ್ವಾತಂತ್ರ್ಯ ರಾಜ್ಯಗಳಿಗುಳಿಯಿತು.

೩

ನಮ್ಮ ಸಂವಿಧಾನದ ಏರ್ಪಾಡು ಬೇರೆ. ಏಳನೆಯ ಅನುಸೂಚಿಯಲ್ಲಿ ಬ್ಯಾಂಕಿಂಗ್ ವಿಷಯವು ಕೇಂದ್ರಪಟ್ಟಿಯ ೪೫ನೆಯ ಬಾಬು. ಲೇವಾದೇವಿಯು ರಾಜ್ಯಪಟ್ಟಿಯ ೩೦ನೆಯದು. ಸಹಕಾರ ಸಂಘಗಳು ಅದೇ ಪಟ್ಟಿಯ ೩೨ನೆಯದು. ಸಹಕಾರ ಸಂಘವೊಂದು ಬ್ಯಾಂಕಿನ ವ್ಯವಹಾರ ನಡೆಸಿದರೆ ಅದು ಯಾರ ಅಧೀನ ಎಂಬ ವಿವಾದವು ಬಹುಕಾಲ ನಡೆಯಿತು. ೧೯೬೬ರ ಮಾರ್ಚ್ ೧ರಿಂದ ಬ್ಯಾಂಕಿಂಗ್ ಕಾನೂನನ್ನು ಸಹಕಾರಿ ಬ್ಯಾಂಕುಗಳಿಗೆ ವಿಸ್ತರಿಸಿದ ಮೇಲೆ ದ್ವಂದ್ವಾಧಿಪತ್ಯವೇ ನೆಲೆಗೊಂಡಿತು. ೨೦೨೦ರ ಮೇ ೫ರಂದು ಪಾಂಡುರಂಗ ಗಣಪತಿ ಚೌಗುಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನಪೀಠವು, ರಾಜ್ಯಶಾಸನದಂತೆ ನೋಂದಣಿಯಾದ ಸಹಕಾರಿ ಬ್ಯಾಂಕೂ ಬ್ಯಾಂಕಿಂಗ್ ವ್ಯವಹಾರದ ಮಟ್ಟಿಗೆ ಕೇಂದ್ರಪಟ್ಟಿಗೆ ಒಳಪಟ್ಟದ್ದೆಂದು ನಿರ್ಣಯಿಸಿತು. ಇದಕ್ಕೆ ಕೆಲವೇ ತಿಂಗಳು ಹಿಂದೆ, ೨೦೨೦ರ ಜನವರಿಯಲ್ಲಿ, ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಠೇವಣಿದಾರರು ಹಿಂಪಡೆಯಬಹುದಾದ ಮೊತ್ತವನ್ನು ೩೫,೦೦೦ ರೂಪಾಯಿಗಳಿಗೆ ಮಿತಿಗೊಳಿಸಿದ್ದಿತು. ಸಹಕಾರಿ ಬ್ಯಾಂಕಿನ ಅಂತಿಮ ಸೂತ್ರ ಯಾರ ಕೈಯಲ್ಲಿದೆ ಎಂಬುದನ್ನು ನಗರದ ದಕ್ಷಿಣ ಬಡಾವಣೆಗಳ ಠೇವಣಿದಾರರು ಅಂದು ಪ್ರತ್ಯಕ್ಷವಾಗಿ ಕಂಡರು.

ಗೋಪ್ಯದ ವಿಷಯದಲ್ಲಿ ನಮ್ಮ ಬ್ಯಾಂಕುಗಳು ಆಂಗ್ಲ ಸಂಪ್ರದಾಯದ ಉತ್ತರಾಧಿಕಾರಿಗಳು. ಗ್ರಾಹಕನ ಲೆಕ್ಕವನ್ನು ಹೊರಗೆಡಹಬಾರದೆಂಬುದು ಬ್ಯಾಂಕಿನ ಕರಾರಿನಲ್ಲೇ ಅಡಗಿರುವ ಕರ್ತವ್ಯವೆಂದು ೧೯೨೪ರಲ್ಲಿ ಟೂರ್ನಿಯರ್ ಪ್ರಕರಣದಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಹೇಳಿತು. ರಾಷ್ಟ್ರೀಕರಣದ ಬಳಿಕ ಬಂದ ೧೯೭೦ರ ಅಧಿನಿಯಮದ ೧೩ನೆಯ ಪ್ರಕರಣವು ಇದೇ ಕರ್ತವ್ಯವನ್ನು ಶಾಸನರೂಪಕ್ಕೆ ತಂದಿತು. ಆದರೆ ಇದು ಬ್ಯಾಂಕಿನವರ ವೃತ್ತಿಧರ್ಮ; ಗ್ರಾಹಕನ ಹಕ್ಕೆಂದು ಇದನ್ನು ಆಗಿನ್ನೂ ಯಾರೂ ಕರೆದಿರಲಿಲ್ಲ.

ಹಕ್ಕಿನ ಭಾಷೆ ಇಲ್ಲಿಗೆ ಬಂದುದು ನ್ಯಾಯಾಲಯದ ಮೂಲಕ. ಅದರಲ್ಲಿ ಬೆಂಗಳೂರಿನ ಪಾತ್ರವು ಸಣ್ಣದಲ್ಲ. ಯಾವ ಬ್ಯಾಂಕಿಗಾದರೂ ನುಗ್ಗಿ ದಸ್ತಾವೇಜುಗಳನ್ನು ಪರೀಕ್ಷಿಸಿ ವಶಪಡಿಸಿಕೊಳ್ಳಲು ಕಲೆಕ್ಟರನು ಯಾರಿಗೆ ಬೇಕಾದರೂ ಅಧಿಕಾರ ಕೊಡಬಹುದೆಂದು ಆಂಧ್ರಪ್ರದೇಶವು ಸ್ಟಾಂಪು ಕಾನೂನಿಗೆ ತಿದ್ದುಪಡಿ ಮಾಡಿದ್ದಿತು. ಬೆಂಗಳೂರಿನಲ್ಲಿ ಕೇಂದ್ರಕಚೇರಿಯುಳ್ಳ ಕೆನರಾ ಬ್ಯಾಂಕು ಕಕ್ಷಿಯಾಗಿದ್ದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ೨೦೦೪ರ ನವೆಂಬರ್ ೧ರಂದು ತೀರ್ಪಿತ್ತು, ಆ ವಿಧಿಯನ್ನು ಅಸಿಂಧುಗೊಳಿಸಿತು. ಖಾಸಗಿತನವು ಸ್ಥಳವನ್ನಲ್ಲ, ವ್ಯಕ್ತಿಯನ್ನು ಆಶ್ರಯಿಸಿದ್ದು. ಗ್ರಾಹಕನು ಕಾಗದವನ್ನು ಬ್ಯಾಂಕಿನ ಕೈಗೆ ಕೊಟ್ಟಮಾತ್ರಕ್ಕೆ ಅದು ನಾಶವಾಗುವುದಿಲ್ಲವೆಂಬುದು ಆ ತೀರ್ಪಿನ ತಿರುಳು. ಬ್ಯಾಂಕಿಗೆ ಒಪ್ಪಿಸಿದ ದಾಖಲೆಯಲ್ಲಿ ಗ್ರಾಹಕನಿಗೆ ಖಾಸಗಿತನದ ನಿರೀಕ್ಷೆಯೇ ಇಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೭೬ರ ಮಿಲ್ಲರ್ ಪ್ರಕರಣದಲ್ಲಿ ಹೇಳಿದ್ದುದನ್ನು ನಮ್ಮ ನ್ಯಾಯಾಲಯವು ಅನುಸರಿಸಲಿಲ್ಲ. ರಾಜ್ಯಶಾಸನವು ಸದಾ ಗ್ರಾಹಕನ ಪರವಾಗಿರುತ್ತದೆಂಬ ಭ್ರಮೆಯನ್ನೂ ಈ ಪ್ರಕರಣವು ಕಳೆಯುತ್ತದೆ. ಇಲ್ಲಿ ಗ್ರಾಹಕನ ಮೇಲೆ ಕೈ ಮಾಡಿದ್ದು ರಾಜ್ಯಶಾಸನವೇ.

ಇದಾದ ಎಂಟು ವರ್ಷಗಳಿಗೆ, ೨೦೧೨ರಲ್ಲಿ, ಬೆಂಗಳೂರಿನವರಾದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. ನಮ್ಮ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿ ೧೯೮೬ರಲ್ಲಿ ನಿವೃತ್ತರಾಗಿದ್ದ ಅವರು ಆಗ ಎಂಬತ್ತನ್ನು ದಾಟಿದ್ದರು. ಆ ಪ್ರಕರಣದಲ್ಲಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿಯವರು ೨೦೨೪ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

೪

ಇನ್ನು ಭದ್ರತೆಯ ಪರಂಪರೆಗೆ ಬರೋಣ. ಇದರ ಕರ್ತೃ ರಿಸರ್ವ್ ಬ್ಯಾಂಕು. ೨೦೧೬ರ ಜೂನ್ ೨ರ ಸುತ್ತೋಲೆಯು ವಾಣಿಜ್ಯ ಬ್ಯಾಂಕುಗಳಿಗೆ ಸೈಬರ್ ಭದ್ರತೆಯ ಚೌಕಟ್ಟನ್ನು ವಿಧಿಸಿ, ಅಸಾಧಾರಣ ಘಟನೆಗಳನ್ನು ಎರಡರಿಂದ ಆರು ಗಂಟೆಗಳೊಳಗೆ ತನಗೆ ತಿಳಿಸಬೇಕೆಂದಿತು. ನಗರ ಸಹಕಾರಿ ಬ್ಯಾಂಕುಗಳಿಗೆ ಮೂಲ ಚೌಕಟ್ಟು ೨೦೧೮ರ ಅಕ್ಟೋಬರಿನಲ್ಲಿ ಬಂದಿತು. ೨೦೧೯ರ ಡಿಸೆಂಬರ್ ೩೧ರಂದು, ಬ್ಯಾಂಕಿನ ಯಂತ್ರವ್ಯವಸ್ಥೆಯ ವಿಸ್ತಾರಕ್ಕೆ ತಕ್ಕಂತೆ ನಾಲ್ಕು ಮೆಟ್ಟಲುಗಳನ್ನು ಕಲ್ಪಿಸಲಾಯಿತು. ೨೦೨೫ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ತನ್ನ ಸಹಸ್ರಾರು ಸುತ್ತೋಲೆಗಳನ್ನು ೨೪೪ ಏಕೀಕೃತ ನಿರ್ದೇಶಗಳಾಗಿ ಕ್ರೋಡೀಕರಿಸಿತು.

ಈ ಸುತ್ತೋಲೆಗಳನ್ನು ಚರಿತ್ರೆಯ ಆಕರಗಳೆಂದು ಭಾವಿಸಿ ಓದಿದರೆ ಅವುಗಳಲ್ಲಿ ಮಾತನಾಡುವವರು ಇಬ್ಬರೇ ಎಂಬುದು ಗೋಚರವಾಗುತ್ತದೆ: ಮೇಲ್ವಿಚಾರಕ ಮತ್ತು ಬ್ಯಾಂಕು. ಗ್ರಾಹಕನು ಅವರ ಸಂಭಾಷಣೆಯ ವಿಷಯ, ಭಾಗಿಯಲ್ಲ. ಒಂದು ಬ್ಯಾಂಕಿನ ಬಿರುಕಿನಿಂದ ಇಡೀ ವ್ಯವಸ್ಥೆ ಕುಸಿಯಬಾರದೆಂಬ ಕಳವಳವೇ ಅವುಗಳ ಜೀವಾಳ. ಈ ಕಳವಳವು ನ್ಯಾಯವಾದದ್ದೇ. ಆದರೆ ವ್ಯವಸ್ಥೆಯ ಕ್ಷೇಮ ಬೇರೆ, ವ್ಯಕ್ತಿಯ ಮಾನ ಬೇರೆ.

ರಿಸರ್ವ್ ಬ್ಯಾಂಕಿಗೆ ಅನ್ಯಾಯವಾಗದಂತೆ ಮತ್ತೊಂದು ಪಕ್ಷವನ್ನೂ ಹೇಳಬೇಕು. ಮೂರನೆಯವರ ವಂಚನೆಯಿಂದ ಖಾತೆಯ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ಯಾವ ಹೊಣೆಯೂ ಇಲ್ಲವೆಂದು ೨೦೧೭ರ ಜುಲೈ ೬ರ ಸುತ್ತೋಲೆ ಹೇಳಿತು; ಅದೇ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಈ ನಿಯಮ ಅನ್ವಯಿಸಿತು. ಸಾಲಗಾರನ ದೂರವಾಣಿಯಲ್ಲಿರುವ ಹೆಸರುಗಳ ಪಟ್ಟಿ, ಕರೆಗಳ ದಾಖಲೆ, ಚಿತ್ರಗಳು ಇವುಗಳಿಗೆ ಸಾಲದ ಆ್ಯಪ್‌ಗಳು ಕೈಹಾಕಬಾರದೆಂದು ೨೦೨೨ರ ಸೆಪ್ಟೆಂಬರ್ ೨ರ ಮಾರ್ಗಸೂಚಿ ವಿಧಿಸಿತು. ತಪ್ಪಾದ ಸಾಲಚರಿತ್ರೆಯನ್ನು ಮೂವತ್ತು ದಿನಗಳೊಳಗೆ ತಿದ್ದದಿದ್ದರೆ ದಿನಕ್ಕೆ ೧೦೦ ರೂಪಾಯಿನಂತೆ ದೂರುದಾರನಿಗೇ ಪರಿಹಾರ ಸಲ್ಲಬೇಕೆಂಬ ಆಜ್ಞೆ ೨೦೨೪ರ ಏಪ್ರಿಲಿನಿಂದ ಜಾರಿಗೆ ಬಂದಿತು. ನೊಂದವನ ಕೈಗೇ ಪರಿಹಾರ ಕೊಡುವುದು ಭದ್ರತಾಪರಂಪರೆಗೆ ಅಸಾಧ್ಯವಲ್ಲವೆಂಬುದಕ್ಕೆ ಇವು ಸಾಕ್ಷಿ. ಆದರೆ ಇವೆಲ್ಲವೂ ರಿಸರ್ವ್ ಬ್ಯಾಂಕಿನ ನಿಯಂತ್ರಣಕ್ಕೆ ಒಳಪಟ್ಟ ಸಂಸ್ಥೆಗಳ ಮಟ್ಟಿಗೆ ಮಾತ್ರ.

೫

ಈ ಕೊನೆಯ ಮಾತೇ ನಮ್ಮ ವಿಷಯದ ಕೇಂದ್ರ. ಜಯನಗರದಲ್ಲಿ, ಬನಶಂಕರಿಯಲ್ಲಿ, ಜೆ. ಪಿ. ನಗರದಲ್ಲಿ ನಡೆದಾಡುವವರಿಗೆ ಸಹಕಾರಿ ಬ್ಯಾಂಕುಗಳ ಜೊತೆಜೊತೆಗೇ ಪತ್ತಿನ ಸಹಕಾರ ಸಂಘಗಳ ಮತ್ತು ಸೌಹಾರ್ದ ಸಹಕಾರಿಗಳ ಫಲಕಗಳೂ ಕಾಣುತ್ತವೆ. ಸದಸ್ಯರಿಂದ ಠೇವಣಿ ಪಡೆದು ಸದಸ್ಯರಿಗೆ ಸಾಲ ಕೊಡುವ ಇವು ೧೯೫೯ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ ಅಥವಾ ೧೯೯೭ರ ಸೌಹಾರ್ದ ಸಹಕಾರಿ ಅಧಿನಿಯಮಕ್ಕೆ ಒಳಪಟ್ಟವು. ಇವು ಬ್ಯಾಂಕುಗಳಲ್ಲ, ಆ ಹೆಸರನ್ನು ಇಟ್ಟುಕೊಳ್ಳುವಂತೆಯೂ ಇಲ್ಲ. ಆದ್ದರಿಂದ ರಿಸರ್ವ್ ಬ್ಯಾಂಕಿನ ಭದ್ರತಾನಿಯಮಗಳು ಇವುಗಳ ಬಾಗಿಲವರೆಗೆ ಬರುವುದಿಲ್ಲ. ರಾಜ್ಯದ ಎರಡು ಅಧಿನಿಯಮಗಳಾದರೋ ಲೆಕ್ಕಪರಿಶೋಧನೆ, ವಿಚಾರಣೆ, ಚುನಾವಣೆ, ವ್ಯಾಜ್ಯ ಇವುಗಳನ್ನು ವಿಸ್ತಾರವಾಗಿ ಹೇಳುತ್ತವೆ. ಸದಸ್ಯನ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಒಂದು ಅಧ್ಯಾಯವನ್ನೂ ಮೀಸಲಿಟ್ಟಿಲ್ಲ.

ಈ ಮೌನಕ್ಕೆ ಚಾರಿತ್ರಿಕ ಕಾರಣವಿದೆ. ಸಹಕಾರಿ ಪತ್ತಿನ ಮೂಲತತ್ತ್ವವು ಪರಸ್ಪರ ಪರಿಚಯ. ೧೯೦೪ರ ಅಧಿನಿಯಮದಂತೆ ಗ್ರಾಮಸಂಘದ ಸದಸ್ಯರ ಹೊಣೆ ಅಪರಿಮಿತ. ಒಬ್ಬನು ತಪ್ಪಿದರೆ ಉಳಿದವರೆಲ್ಲರೂ ತೆರಬೇಕು. ಆದಕಾರಣ ನೆರೆಯವನ ಹೊಲ, ದನ, ಸಾಲ, ನಡತೆ ಎಲ್ಲವನ್ನೂ ಎಲ್ಲರೂ ಬಲ್ಲವರಾಗಿರಬೇಕಾಗಿದ್ದಿತು. ೧೯೦೫ರಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಂಘ ಹುಟ್ಟಿದಾಗ ಅಲ್ಲಿನ ಭದ್ರತೆಯೆಂದರೆ ಕಬ್ಬಿಣದ ಪೆಟ್ಟಿಗೆಯಲ್ಲ, ಊರಿನ ಕಣ್ಣು. ಅಂದಿನ ಸಹಕಾರದಲ್ಲಿ ಖಾಸಗಿತನದ ಅಭಾವವೇ ಸಾಲದ ಆಧಾರವಾಗಿದ್ದಿತು ಎಂದರೆ ತಪ್ಪಾಗಲಾರದು. ಆ ವ್ಯವಸ್ಥೆಯಲ್ಲಿ ನ್ಯಾಯವೂ ಒಂದು ಬಗೆಯದಿತ್ತು: ನೋಡುವವನನ್ನು ನೋಡಿಸಿಕೊಳ್ಳುವವನೂ ನೋಡಬಹುದಾಗಿದ್ದಿತು.

ನಗರದ ಬಡಾವಣೆಯಲ್ಲಿ ಈ ಸಮತೆ ಉಳಿದಿಲ್ಲ. ಬಿ. ಟಿ. ಎಂ. ಬಡಾವಣೆಯ ಬಾಡಿಗೆಮನೆಯಲ್ಲಿರುವ ಸದಸ್ಯನನ್ನು ಆಡಳಿತ ಮಂಡಳಿಯವರು ಬಲ್ಲರೆಂಬ ನಿಯಮವಿಲ್ಲ; ಅವನಿಗಂತೂ ಅವರ ಪರಿಚಯವಿರುವುದೇ ಅಪರೂಪ. ಊರಿನ ಕಣ್ಣಿನ ಸ್ಥಾನಕ್ಕೆ ಆಧಾರ್ ಚೀಟಿಯ ನಕಲು, ಪ್ಯಾನ್ ಸಂಖ್ಯೆ, ಸಂಬಳದ ಪತ್ರ, ಜಾಮೀನುದಾರನ ವಿಳಾಸ, ಭಾವಚಿತ್ರ ಇವು ಬಂದಿವೆ. ಪರಿಚಯ ಹೋಯಿತು, ದಾಖಲೆ ಉಳಿಯಿತು. ದಾಖಲೆಯಾದರೋ ಪರಿಚಯದಂತೆ ಎರಡು ಕಡೆಯಿಂದ ಹರಿಯುವುದಲ್ಲ. ಶಾಸನವು ಮಾತ್ರ ಸದಸ್ಯರು ಇನ್ನೂ ಒಬ್ಬರನ್ನೊಬ್ಬರು ಬಲ್ಲವರೆಂದೇ ಭಾವಿಸಿಕೊಂಡು ಸುಮ್ಮನಿದೆ.

ಪರಿಣಾಮವನ್ನು ಒಂದು ಕಲ್ಪಿತ ನಿದರ್ಶನದಿಂದ ಗ್ರಹಿಸಬಹುದು. ಒಬ್ಬ ಗೃಹಸ್ಥನು ನಗರ ಸಹಕಾರಿ ಬ್ಯಾಂಕಿನಲ್ಲಿ ಉಳಿತಾಯದ ಖಾತೆಯನ್ನೂ, ಅದೇ ಬೀದಿಯ ಸೌಹಾರ್ದ ಸಹಕಾರಿಯಲ್ಲಿ ಠೇವಣಿಯನ್ನೂ ಇಟ್ಟಿದ್ದಾನೆ. ಎರಡು ಕಡೆಯೂ ಕೊಟ್ಟ ಕಾಗದಗಳು ಅವೇ, ಸಂಖ್ಯೆಗಳು ಅವೇ. ಬ್ಯಾಂಕಿನಲ್ಲಿ ಅವನ ಮಾಹಿತಿಯ ಮೇಲೆ ಮುಂಬಯಿಯ ಕಣ್ಣಿದೆ. ಸಹಕಾರಿಯಲ್ಲಿ ಅದರ ಮೇಲೆ ಯಾವ ಭದ್ರತಾಧಿಕಾರಿಯ ಕಣ್ಣೂ ಇಲ್ಲ. ಕಳ್ಳನಿಗೆ ಎರಡು ಬಾಗಿಲೂ ಒಂದೇ ಕೋಣೆಗೆ ತೆರೆಯುತ್ತವೆ. ಅವನು ಬೀಗವಿಲ್ಲದ ಬಾಗಿಲನ್ನೇ ಆರಿಸಿಕೊಂಡರೆ ಆಶ್ಚರ್ಯವಿಲ್ಲ.

೬

೨೦೨೩ರ ಆಗಸ್ಟ್ ೧೧ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಈ ತೆರಪನ್ನು ಮುಚ್ಚುವುದಿಲ್ಲವೇ ಎಂದು ವಾಚಕರು ಕೇಳಬಹುದು. ಪ್ರಶ್ನೆ ಯುಕ್ತವಾಗಿದೆ. ಆ ಅಧಿನಿಯಮವು ಬ್ಯಾಂಕು, ಸಂಘ, ಅಂಗಡಿ ಎಂಬ ಭೇದವಿಲ್ಲದೆ ಅನ್ವಯಿಸುತ್ತದೆ. ಭದ್ರತೆಯಲ್ಲಿ ತಪ್ಪಿದವರಿಗೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದೆನ್ನುತ್ತದೆ. ೨೦೨೫ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳಂತೆ, ಮಾಹಿತಿ ಸೋರಿದಾಗ ಮಂಡಲಿಗೆ ಮಾತ್ರವಲ್ಲದೆ ನೊಂದ ವ್ಯಕ್ತಿಗೂ ತಿಳಿಸಬೇಕು. ಇದು ನಿಜವಾದ ಮುನ್ನಡೆ. ಮುಖ್ಯ ವಿಧಿಗಳು ಹದಿನೆಂಟು ತಿಂಗಳ ಬಳಿಕ, ಎಂದರೆ ೨೦೨೭ರ ಮೇ ತಿಂಗಳಿನಲ್ಲಿ, ಜಾರಿಗೆ ಬರುವಂತೆ ಗೊತ್ತುಮಾಡಲಾಗಿದೆ.

ಆದರೂ ಮೂರು ಕೊರತೆಗಳನ್ನು ಎತ್ತಿಹೇಳಬೇಕಾಗಿದೆ. ಮೊದಲನೆಯದಾಗಿ, ಅದು ಡಿಜಿಟಲ್ ರೂಪದ ಮಾಹಿತಿಗೆ ಮಾತ್ರ ಸಂಬಂಧಿಸಿದ್ದು. ಸಂಘದ ಬೀರುವಿನಲ್ಲಿರುವ ಕಾಗದದ ಅರ್ಜಿ, ಕೈಬರಹದ ಖಾತೆಪುಸ್ತಕ ಹೊರಗುಳಿಯುತ್ತವೆ. ಎರಡನೆಯದಾಗಿ, ಹಣಕಾಸು ಸಂಸ್ಥೆಯ ಸಾಲವನ್ನು ತೀರಿಸಲಾಗದವನ ಆಸ್ತಿಪಾಸ್ತಿಯನ್ನು ಪತ್ತೆಹಚ್ಚುವ ಕಾರ್ಯಕ್ಕೆ ೧೭ನೆಯ ಪ್ರಕರಣವು ವಿನಾಯಿತಿ ಕೊಡುತ್ತದೆ. ಈ ವಿನಾಯಿತಿಯ ರಚನೆಯನ್ನು ಗಮನಿಸಬೇಕು: ಸಮ್ಮತಿ ಕೇಳುವ, ಮಾಹಿತಿ ಅಳಿಸುವ ಕರ್ತವ್ಯಗಳು ಬಿಟ್ಟುಹೋಗುತ್ತವೆ, ಭದ್ರವಾಗಿ ಇಡುವ ಕರ್ತವ್ಯ ಮಾತ್ರ ಉಳಿಯುತ್ತದೆ. ಲೇಖನದ ಆರಂಭದಲ್ಲಿ ನಾವು ಮಾಡಿದ ಭೇದವನ್ನು ಶಾಸನವೇ ಇಲ್ಲಿ ಮಾಡಿತೋರಿಸಿದೆ. ಸಾಲ ತೀರಿಸಲಾರದವನಿಗೆ ಬೀಗ ಉಂಟು, ಒಡೆತನ ಇಲ್ಲ.

ಮೂರನೆಯದು ಎಲ್ಲಕ್ಕಿಂತ ಗುರುತರವಾದುದು. ೨೦೦೦ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ೪೩-ಎ ಪ್ರಕರಣದಂತೆ, ಮಾಹಿತಿಯನ್ನು ಅಲಕ್ಷ್ಯದಿಂದ ಕಾಯ್ದು ನಷ್ಟವುಂಟುಮಾಡಿದ ಸಂಸ್ಥೆಯು ನೊಂದವನಿಗೆ ಪರಿಹಾರ ಕೊಡಬೇಕು. ಐದು ಕೋಟಿ ರೂಪಾಯಿಗಳವರೆಗಿನ ದಾವೆಯನ್ನು ವಿಚಾರಿಸುವ ಅಧಿಕಾರವನ್ನು ಪ್ರತಿ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಗೆ ಕೊಡಲಾಗಿದ್ದಿತು. ಬೆಂಗಳೂರಿನ ನಿವಾಸಿಗೆ ಬೆಂಗಳೂರಿನಲ್ಲಿಯೇ ಒಂದು ಬಾಗಿಲಿದ್ದಿತು ಎಂದರ್ಥ. ಹೊಸ ಅಧಿನಿಯಮದ ೪೪ನೆಯ ಪ್ರಕರಣವು ೪೩-ಎಯನ್ನು ತೆಗೆದುಹಾಕುತ್ತದೆ. ಈ ಲೋಪವೂ ಅದೇ ಹದಿನೆಂಟು ತಿಂಗಳ ಕೊನೆಗೆ ಜಾರಿಗೊಳ್ಳುವಂತೆ ವಿಧಿಸಲಾಗಿದೆ. ಇನ್ನು ಮುಂದಿನ ದಂಡದ ಹಣವು ಭಾರತದ ಸಂಚಿತನಿಧಿಗೆ ಸೇರತಕ್ಕದ್ದು. ಮಂಡಲಿಯ ಅಧಿಕಾರದೊಳಗಿನ ವಿಷಯಗಳಲ್ಲಿ ಸಿವಿಲ್ ನ್ಯಾಯಾಲಯದ ಬಾಗಿಲೂ ಮುಚ್ಚಿದೆ. ಮಾನ ಹೋದದ್ದು ಒಬ್ಬನದು, ದಂಡ ಸೇರಿದ್ದು ಬೊಕ್ಕಸಕ್ಕೆ! ಕ್ಯಾಲಿಫೋರ್ನಿಯವು ಎಲ್ಲವನ್ನೂ ಒಕ್ಕೂಟಕ್ಕೆ ಬಿಟ್ಟುಕೊಟ್ಟಾಗಲೂ ಯಾವುದನ್ನು ಬಿಡಲೊಲ್ಲದೆ ಹಿಡಿದುಕೊಂಡಿತೋ ಅದನ್ನೇ ನಾವು ಮೊದಲು ಕೈಬಿಟ್ಟಂತಾಯಿತು.

೭

ಹಾಗಾದರೆ ರಾಜ್ಯವು ಏನು ಮಾಡಬಲ್ಲುದು? ಕ್ಯಾಲಿಫೋರ್ನಿಯದಂತೆ ಸರ್ವವ್ಯಾಪಿಯಾದ ಶಾಸನವನ್ನು ಕರ್ನಾಟಕವು ಮಾಡಬೇಕೆಂಬ ಸಲಹೆ ನಿಲ್ಲಲಾರದು. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕೇತರ ಸಂಸ್ಥೆಗಳಿಗೆ ಕೇರಳ ಮತ್ತು ಗುಜರಾತುಗಳ ಲೇವಾದೇವಿ ಶಾಸನಗಳು ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟು ೨೦೨೨ರ ಮೇ ೧೦ರಂದು ನೆಡುಂಪಿಳ್ಳಿ ಪ್ರಕರಣದಲ್ಲಿ ತೀರ್ಮಾನಿಸಿದೆ. ಅಮೆರಿಕದಲ್ಲಿ ಒಕ್ಕೂಟದ ವಿಧಿಯು ತಳಪಾಯವಾದರೆ ಇಲ್ಲಿ ಅದು ಮೇಲ್ಛಾವಣಿಯೂ ಹೌದು. ಕಿರುಸಾಲದ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು ಕರ್ನಾಟಕವು ೨೦೨೫ರ ಫೆಬ್ರವರಿಯಲ್ಲಿ ಅಧ್ಯಾದೇಶವನ್ನು ತಂದಾಗಲೂ ರಾಜ್ಯಪಾಲರು ಅದನ್ನು ಒಮ್ಮೆ ಹಿಂತಿರುಗಿಸಿ ಬಳಿಕವೇ ಅಂಕಿತ ಹಾಕಿದರು. ಹತ್ತು ವರ್ಷಗಳವರೆಗಿನ ಸೆರೆಯನ್ನು ವಿಧಿಸಿದ ಆ ಶಾಸನವು ಮುಖ್ಯವಾಗಿ ಸಾಲಗಾರನ ದೇಹಕ್ಕೂ ಮನೆಗೂ ರಕ್ಷೆ ಕೊಡಹೊರಟಿತು. ಅವನ ಮಾಹಿತಿಯ ಪ್ರಶ್ನೆ ಹಿಂದೆಯೇ ಉಳಿಯಿತು.

ಆದರೆ ಸಹಕಾರ ಸಂಘವು ರಾಜ್ಯಪಟ್ಟಿಯ ವಿಷಯ. ಬ್ಯಾಂಕಲ್ಲದ ಪತ್ತಿನ ಸಂಘದ ಮಟ್ಟಿಗೆ ಚೌಗುಲೆ ತೀರ್ಪಾಗಲಿ ನೆಡುಂಪಿಳ್ಳಿ ತೀರ್ಪಾಗಲಿ ಅಡ್ಡಿಯಾಗದೆಂದು ನಮಗೆ ತೋರುತ್ತದೆ. ಕೇಂದ್ರದ ಅಧಿನಿಯಮವೂ ತಾನು ಇತರ ಶಾಸನಗಳಿಗೆ ಪೂರಕವೆಂದೇ ಹೇಳಿಕೊಂಡಿದೆ. ವಿರೋಧ ಬಂದೆಡೆ ಮಾತ್ರ ಅದರ ಮಾತು ಮೇಲು. ಆದ್ದರಿಂದ ೧೯೫೯ರ ಮತ್ತು ೧೯೯೭ರ ಅಧಿನಿಯಮಗಳಿಗೆ ಒಂದೊಂದು ಕಿರು ಅಧ್ಯಾಯವನ್ನು ಸೇರಿಸುವುದು ರಾಜ್ಯದ ಅಧಿಕಾರದೊಳಗಿನ ಕೆಲಸ. ಅದರಲ್ಲಿ ಮೂರು ವಿಧಿಗಳಿದ್ದರೆ ಸಾಕು: ಕಾಗದದ ದಾಖಲೆಯೂ ಸೇರಿದಂತೆ ಸದಸ್ಯನ ಮಾಹಿತಿಯನ್ನು ಕಾಯುವ ಕರ್ತವ್ಯ, ವಾರ್ಷಿಕ ಲೆಕ್ಕಪರಿಶೋಧನೆಯಲ್ಲಿಯೇ ಆ ಕರ್ತವ್ಯಪಾಲನೆಯ ಪರೀಕ್ಷೆ, ತಪ್ಪಿದಲ್ಲಿ ನೊಂದ ಸದಸ್ಯನಿಗೆ, ಸಹಕಾರಿ ವ್ಯಾಜ್ಯದ ಈಗಿನ ಮಾರ್ಗದಲ್ಲಿಯೇ, ಪರಿಹಾರ.

ಸಣ್ಣ ಸಂಘಗಳಿಗೆ ಇದು ಹೊರೆಯಾಗುವುದೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಇಬ್ಬರು ಗುಮಾಸ್ತರಿಂದ ನಡೆಯುವ ಸಂಘದ ಮೇಲೆ ದೊಡ್ಡ ಬ್ಯಾಂಕಿನ ಭಾರ ಹೊರಿಸಿದರೆ ಸಂಘವೇ ಮುರಿದೀತು. ಆದರೆ ರಿಸರ್ವ್ ಬ್ಯಾಂಕು ೨೦೧೯ರಲ್ಲಿ ಕಲ್ಪಿಸಿದ ಮೆಟ್ಟಲುಗಳ ಮಾರ್ಗ ಕಣ್ಣೆದುರಿಗಿದೆ. ತಿಜೋರಿಗೆ ಬೀಗ ಹಾಕುವ ವೆಚ್ಚವನ್ನು ಯಾವ ಸಂಘವೂ ಹೊರೆಯೆಂದು ಎಣಿಸಿಲ್ಲ. ಸದಸ್ಯನ ಕಾಗದಕ್ಕೂ ಬೆಲೆಯಿದೆಯೆಂದು ಒಪ್ಪಿದ ದಿನ ಈ ವೆಚ್ಚವೂ ಹೊರೆಯೆನಿಸದು.

ಪುಟ್ಟಸ್ವಾಮಿಯವರ ಪ್ರಕರಣವು ಸಾರಿದ ಹಕ್ಕು ದೆಹಲಿಯ ತೀರ್ಪಿನಲ್ಲಿ ಮಾತ್ರ ಉಳಿದರೆ ಸಾಲದು. ಬನಶಂಕರಿಯ ಸಂಘದ ಕಿಟಕಿಯ ಮುಂದೆ ಪಾಸುಪುಸ್ತಕ ಹಿಡಿದು ನಿಂತವನ ಕೈಗೂ ಅದು ಎಟುಕಬೇಕು. ನಮ್ಮ ವಿದ್ಯಾರ್ಥಿಗಳು ತಂತಮ್ಮ ಬಡಾವಣೆಗಳ ಪತ್ತಿನ ಸಂಘಗಳ ಉಪನಿಯಮಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಸದಸ್ಯನ ಮಾಹಿತಿಯ ಕುರಿತು ಏನು ಹೇಳಿದೆ, ಏನು ಹೇಳಿಲ್ಲ ಎಂಬುದನ್ನು ಪರಿಶೀಲಿಸಿದರೆ, ಶಾಸನಕರ್ತರಿಗೆ ಬೇಕಾದ ಸಾಮಗ್ರಿಯು ಒದಗುವುದಲ್ಲದೆ ಈ ನಾಡಿನ ಸಹಕಾರ ಚಳವಳಿಯ ಚರಿತ್ರೆಗೂ ಒಂದು ಅಧ್ಯಾಯ ಸೇರುವುದು.